ಕಂಪ್ರೆಸರಿಗೆ ಕೇಳಿದ ಪ್ರಸಾದ

ಕಡಲಾಚೆಯ ಕಾರ್ಕ್ ಊರಿನ ಹೊರಬದಿಯ ಆ ಮನೆಯ ಗ್ಯಾರೇಜಿನಲ್ಲಿ ಊಟದ ಮೇಜಿನ ಕುರ್ಚಿಗಳು ಬಣ್ಣ ಕಾಣದೆ ಬೋಳುಬೋಳಾಗಿ ನಿಂತಿದ್ದವು. ಮಾಡಿದವನು ಮನೆಯ ಯಜಮಾನ ಲೋಹಿತ್, ಆಸ್ಪತ್ರೆಯಲ್ಲಿ ಡಾಕ್ಟರು, ರಜೆಯ ದಿನ ಬಡಗಿ. ಮರ ಕೊಯ್ದು, ಉಜ್ಜಿ, ಜೋಡಿಸಿದ್ದೆಲ್ಲ ಆಗಿತ್ತು. ವಾರ್ನಿಷ್ ಸ್ಪ್ರೇ ಮಾಡುವುದೊಂದೇ ಬಾಕಿ. ಅದಕ್ಕೊಂದು ಏರ್ ಕಂಪ್ರೆಸರ್ ಬೇಕು, ಯಾವ ಕಂಪ್ರೆಸರ್ ಎಂಬುದು ಚಳಿಗಾಲ ಕಳೆದು ಜೂನ್ ಬಂದರೂ ತೀರ್ಮಾನವಾಗಿರಲಿಲ್ಲ. ಮನೆಮಂದಿ ಮಡಚುವ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಉಣ್ಣುತ್ತಿದ್ದರು.

ಮೊಮ್ಮಗಳು ತೇಜುವನ್ನು ನೋಡಿಕೊಂಡು ಹೋಗಲೆಂದು ಮೈಸೂರಿನಿಂದ ಬಂದಿದ್ದ ಲೋಹಿತನ ತಾಯಿ ನಾಗಮಣಿಗೆ ಮೊದಮೊದಲು ಇದು ತಮಾಷೆಯಾಗಿ ಕಂಡಿತ್ತು. ತೀರಿಕೊಂಡ ಅವಳ ಗಂಡ ನಂಜುಂಡಪ್ಪ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ಶೆಡ್ ಇಟ್ಟಿದ್ದವನು. ಕಂಪ್ರೆಸರಿನ ಗಡಗಡ ಸದ್ದಿನಲ್ಲೇ ಲೋಹಿತ್ ಮಗ್ಗಿ ಬಾಯಿಪಾಠ ಮಾಡಿದ್ದು. ಅಂಥ ಮನೆಯ ಮಗ ಲ್ಯಾಪ್‌ಟಾಪ್ ಮುಂದೆ ಕೂತು, ಟ್ಯಾಂಕ್ ಐವತ್ತು ಲೀಟರಿನದೋ ನೂರರದೋ, ಎಣ್ಣೆ ಹಾಕುವಂಥದ್ದೋ ಎಣ್ಣೆ ಬೇಡದ್ದೋ, ಸದ್ದು ಕಮ್ಮಿಯದೋ ಗಾಳಿ ಜಾಸ್ತಿಯದೋ ಎಂದು ಮೀನ ಮೇಷ ಎಣಿಸುತ್ತಿದ್ದ. ಒಂದನ್ನು ತಂದು ಪೆಟ್ಟಿಗೆ ಬಿಚ್ಚದೆ ವಾಪಸ್ ಕೊಟ್ಟ. ಇನ್ನೊಂದನ್ನು ಬಿಚ್ಚಿ ವಾಪಸ್ ಕೊಟ್ಟ.

"ನಿಮ್ಮಪ್ಪ ನನ್ನ ನೋಡೋಕೆ ಬಂದೋರು ಕಾಫಿ ಆರೋದ್ರೊಳಗೆ ಒಪ್ಪಿಗೆ ಅಂದ್ರು ಕಣೋ. ನೀನು ಒಂದು ಗಾಳಿ ಮೆಷಿನ್‌ಗೆ ಇಷ್ಟು ಯೋಚನೆ ಮಾಡ್ತೀಯಲ್ಲ," ಎಂದು ನಾಗಮಣಿ ರೇಗಿಸಿದಳು. "ಯಾವ್ದು ತಗೊಂಡ್ರೂ ಸಂಜೆ ಹೊತ್ತು ಅಡಿಯ ನಲ್ಲಿ ತಿರುಗಿಸಿ ಟ್ಯಾಂಕಲ್ಲಿ ಕಟ್ಟಿಕೊಂಡ ನೀರು ಹೊರಗೆ ಬಿಡ್ಬೇಕು, ಅಷ್ಟೇ. ಅದೊಂದು ಮರೆತ್ರೆ ಮೇಲೆ ಬಣ್ಣ ಹೊಳೀತಾನೇ ಇರುತ್ತೆ, ಒಳಗೆ ತುಕ್ಕು ತಿಂತಿರುತ್ತೆ. ಒಂದು ದಿನ ಟ್ಯಾಂಕೇ ಸಿಡಿಯುತ್ತೆ. ನಿಮ್ಮಪ್ಪ ಹಬ್ಬದ ದಿನವೂ ಮರೀತಿರ್ಲಿಲ್ಲ."

ಲೋಹಿತ್ ನಗಲಿಲ್ಲ. ಬರಬರುತ್ತ ನಾಗಮಣಿಯ ನಗುವೂ ನಿಂತಿತು. ಮಗನಿಗೆ ಕಂಪ್ರೆಸರ್ ಒಂದೇ ಅಲ್ಲ, ಯಾವುದನ್ನೂ ಆರಿಸಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಎರಡು ಥರದ ಅಕ್ಕಿ ಕಂಡರೆ ಅವುಗಳ ಮುಂದೆ ನಿಂತೇಬಿಡುತ್ತಿದ್ದ. ತೇಜು ನೀಲಿ ಜಾಕೆಟ್ಟೋ ಹಸಿರೋ ಎಂದರೆ, ಅಮ್ಮನ್ನ ಕೇಳು ಎನ್ನುತ್ತಿದ್ದ. ಕೆನ್ನೆ ಗುಳಿ ಬಿದ್ದಿತ್ತು, ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು.

ಸೊಸೆ ಅಪರ್ಣಾ ಒಂದು ಮಧ್ಯಾಹ್ನ ಪಾತ್ರೆ ಒರೆಸುತ್ತ ಕಣ್ಣೊರೆಸಿಕೊಂಡಳು. "ಚಳಿಗಾಲದಿಂದ ಹಿಂಗೇ ಅತ್ತೆ. ಏನಾಯ್ತು ಅಂತ ಕೇಳಿದ್ರೆ 'ಗ್ರ್ಯಾಂಡ್, ಗ್ರ್ಯಾಂಡ್' ಅಂತಾರೆ, ಎಲ್ಲ ಚೆನ್ನಾಗಿದೆ ಅಂತ. ಇಲ್ಲಿಯೋರ ಹತ್ರ ಅದೊಂದು ಮಾತು ಕಲ್ತ್‌ಬಿಟ್ಟಿದಾರೆ. ನಂಗೆ ಭಯ ಆಗುತ್ತೆ."

ಭಯ ನಾಗಮಣಿಗೂ ಆಯಿತು. ಮುಂದಿನ ವಾರ ಅವಳು ಊರಿಗೆ ಹೊರಡಬೇಕು. ಮಗನನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಹೋಗುವುದು? ಒಂದೇ ಒಂದು ತೀರ್ಮಾನ ಅವನಿಂದ ಆಗಿಬಿಟ್ಟರೆ ಗಂಟಿನ ಒಂದು ಎಳೆ ಸಿಕ್ಕ ಹಾಗೆ, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಹೊರಡುವುದರೊಳಗೆ ಆ ಕಂಪ್ರೆಸರ್ ಮನೆಗೆ ಬರಬೇಕು.

ದಾರಿಯೂ ಕಣ್ಣೆದುರಿಗೇ ಇತ್ತು. ಮಿಡಲ್ಟನ್ ಕಡೆಯ ಬ್ರೀಡಾ ಹೆಗಾರ್ಟಿ ಎಂಬ ಮುದುಕಿ ಆಗಾಗ ಫೋನ್ ಮಾಡುತ್ತಿದ್ದಳು. ಅವಳ ಗಂಡ ಡೋನಲ್ ಕಳೆದ ಚಳಿಗಾಲದಲ್ಲಿ ಲೋಹಿತನ ವಾರ್ಡಿನಲ್ಲಿದ್ದ. ಅವನೂ ಮರಗೆಲಸದವನು. ಇಬ್ಬರೂ ಕಾಯಿಲೆಗಿಂತ ಮರದ ಮಾತನ್ನೇ ಹೆಚ್ಚು ಆಡುತ್ತಿದ್ದರಂತೆ. ನನ್ನ ಮಂಡಿ ಹೋಯಿತು, ಇನ್ನು ಮರಗೆಲಸ ಆಗದು, ನಾನು ಮನೆಗೆ ಹೋದಮೇಲೆ ಬಂದು ನನ್ನ ಕಂಪ್ರೆಸರ್ ತಗೊಂಡು ಹೋಗು ಡಾಕ್ಟರೇ ಎಂದಿದ್ದನಂತೆ. ಅವನು ಮನೆಗೆ ಹೋಗಲಿಲ್ಲ, ಆಸ್ಪತ್ರೆಯಲ್ಲೇ ತೀರಿಕೊಂಡ. ಆದರೂ ಕೊಟ್ಟ ಮಾತು ಮಾತೇ ಎಂದು ಹೆಂಡತಿ ಕರೆಯುತ್ತಲೇ ಇದ್ದಳು. ಲೋಹಿತ್ ಮುಂದಿನ ವಾರ, ಮುಂದಿನ ವಾರ ಎಂದು ತಳ್ಳುತ್ತಲೇ ಇದ್ದ.

"ಬೆಲ್ಟ್ ಹಾಕಿದ ಹಳೇ ಮೆಷಿನ್ನು. ನಿಮ್ಮಪ್ಪನದೂ ಅಂಥದ್ದೇ, ಕಲ್ಲುಗುಂಡು," ಎಂದಳು ನಾಗಮಣಿ. "ಪ್ರೀತಿಯಿಂದ ಕೊಡ್ತಿದಾರೆ. ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಯಾಕೆ ಹಿಡಿದು ನೋಡ್ತೀಯ?"

"ಅದೊಂದು ಬೇಡ ಅಮ್ಮ."

"ಯಾಕೋ?"

"ಬೇಡ ಅಂದ್ನಲ್ಲ," ಎಂದು ಲೋಹಿತ್ ಗದರಿದ. ಹುಟ್ಟಿದಾಗಿನಿಂದ ಅವನು ತಾಯಿಯ ಮೇಲೆ ಹಾಗೆ ದನಿ ಏರಿಸಿದವನಲ್ಲ. ನಾಗಮಣಿಗೆ ಅಳು ಬಂತು, ಆದರೆ ಹಟವೂ ಬಂತು.

ನಂಜನಗೂಡಿನ ಸೀಮೆಯವರಿಗೆ ಮನಸ್ಸು ಎರಡಾದಾಗ ಉಳಿಯುವುದು ಒಂದೇ ದಾರಿ, ದೇವರ ಹತ್ತಿರ ಪ್ರಸಾದ ಕೇಳುವುದು. ದೇವರ ಎಡಕ್ಕೊಂದು ಬಲಕ್ಕೊಂದು ಹೂ ಇಟ್ಟು, ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಲೋಹಿತ್ ಡಾಕ್ಟರ್ ಓದಿಗೆ ಸೇರಿದ್ದೂ, ಅಪರ್ಣಾಳನ್ನು ಸೊಸೆ ಮಾಡಿಕೊಂಡದ್ದೂ ಹೀಗೆ ಕೇಳಿಯೇ. ನಾಗಮಣಿಗೆ ಇದರಲ್ಲಿ ಪೂರ್ತಿ ನಂಬಿಕೆ. ಆದರೆ ಈ ಸಲ ದೇವರಿಗೆ ಬಿಟ್ಟುಕೊಡುವಷ್ಟು ಧೈರ್ಯ ಅವಳಿಗೆ ಸಾಲಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಗೂಡಿನಲ್ಲಿದ್ದ ನಂಜುಂಡೇಶ್ವರನ ಪಟದ ಮುಂದೆ ಅವಳು ದೀಪ ಹಚ್ಚಿದಳು. ಎಡಗಡೆಯ ಸೇವಂತಿಗೆಯ ಬೆನ್ನಿಗೆ ಒದ್ದೆ ಗಂಧವನ್ನು ದಪ್ಪಗೆ ಮೆತ್ತಿ, ಹೆಬ್ಬೆರಳಿನಿಂದ ಚೌಕಟ್ಟಿಗೆ ಒತ್ತಿ ಕೂರಿಸಿದಳು. ಬಲಗಡೆಯದನ್ನು ಒಣ ಅಂಚಿನ ಮೇಲೆ ಸುಮ್ಮನೆ ಇಟ್ಟಳು. ಆಮೇಲೆ ಮಗನನ್ನು ಕರೆದಳು.

"ಆ ಅಜ್ಜಿ ಮನೆ ಮೆಷಿನ್ ತರೋದಾ ಬೇಡ್ವಾ, ಕೇಳ್ಕೊ. ಅವನು ಹೇಳಿದ ಹಾಗೆ ಮಾಡು."

ಲೋಹಿತ್ ಕೈಮುಗಿದು ನಿಂತ. ಬಹಳ ಹೊತ್ತು ನಿಂತ, ತುಟಿಗಳು ಅಲ್ಲಾಡುತ್ತಿದ್ದವು. ಒಂದು ಕಂಪ್ರೆಸರಿಗೆ ಇಷ್ಟೊಂದು ಬೇಡಿಕೊಳ್ಳುವುದೇ ಎಂದು ನಾಗಮಣಿ ಅಂದುಕೊಳ್ಳುತ್ತಿರುವಾಗಲೇ ಬಲಗಡೆಯ ಹೂ ಜಾರಿ ದೀಪದ ಪಕ್ಕ ಬಿತ್ತು. ಮಗನ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನಾಗಮಣಿಗೆ ತಾನು ಮಾಡಿದ್ದು ಸರಿ ಎನ್ನಿಸಿತು.

"ನೀನೂ ಬಾ ಅಮ್ಮ," ಎಂದ ಲೋಹಿತ್. "ಈಗಲೇ ಹೋಗೋಣ."

ಕಾರು ಊರು ದಾಟಿತು. ರಸ್ತೆಯ ಎರಡೂ ಕಡೆ ಬೇಲಿ, ಬೇಲಿಯಾಚೆ ದನಗಳು. ನಾಗಮಣಿ ಗೆದ್ದ ಖುಷಿಯಲ್ಲಿ ಕುರ್ಚಿಗೆ ಎಂಥ ಬಣ್ಣ ಚೆನ್ನ ಎಂದು ಹೇಳುತ್ತಿದ್ದಳು. ಲೋಹಿತ್ ನಡುವೆ ಬಾಯಿ ಹಾಕಿದ.

"ಅಮ್ಮ, ನಾನು ಕಂಪ್ರೆಸರ್ ವಿಷ್ಯ ಕೇಳ್ಕೊಳ್ಳಲಿಲ್ಲ."

"ಮತ್ತೇನು ಕೇಳ್ಕೊಂಡೆ?"

"ಬ್ರೀಡಾ ಅವರಿಗೆ ನಿಜ ಹೇಳ್ಬಿಡ್ಲಾ ಅಂತ."

ಆಮೇಲೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. "ಡೋನಲ್ ತೀರ್ಕೊಂಡ ರಾತ್ರಿ ವಾರ್ಡಿಂದ ನರ್ಸ್ ಫೋನ್ ಮಾಡಿದ್ಲು. ಅವರಿಗೆ ಹೊಟ್ಟೆನೋವು, ಬೀಪಿ ಇಳೀತಿದೆ, ಬಂದು ನೋಡ್ತೀರಾ, ಇಲ್ಲ ಸ್ಕ್ಯಾನ್‌ಗೆ ಕಳಿಸ್ಲಾ ಅಂದ್ಲು. ನಾನು ಕೆಳಗೆ ಎಮರ್ಜೆನ್ಸಿಲಿದ್ದೆ, ಸುಸ್ತಾಗಿದ್ದೆ. ಎರಡೂ ಬೇಡ, ಬೆಳಿಗ್ಗೆ ನೋಡೋಣ ಅಂದೆ. ಒಂದು ಮಹಡಿ ಹತ್ತಿದ್ರೆ ಸಾಕಿತ್ತು. ಹತ್ತಲಿಲ್ಲ ಅಮ್ಮ. ಬೆಳಗಾಗೋ ಹೊತ್ತಿಗೆ ಒಳಗೇ ರಕ್ತ ಹೋಗಿ ಮುಗಿದುಹೋಗಿತ್ತು. ಯಾರಿಂದಲೂ ಏನೂ ಮಾಡೋಕಾಗ್ತಿರ್ಲಿಲ್ಲ ಅಂತ ಅವರ ಹೆಂಡ್ತಿಗೆ ಹೇಳ್ದೆ. ಆಯಮ್ಮ ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ರು."

"ಆಸ್ಪತ್ರೇಲಿ ಯಾರಿಗೂ ಗೊತ್ತಿಲ್ವಾ?"

"ಯಾರೂ ಕೇಳ್ಲಿಲ್ಲ. ಆ ನರ್ಸ್ ಈಗ ಆಸ್ಟ್ರೇಲಿಯಾದಲ್ಲಿದಾಳೆ."

"ಈಗ ಹೇಳಿದ್ರೆ?"

"ವಿಚಾರಣೆ ಆಗುತ್ತೆ. ಕೆಲಸ ಹೋಗ್ಬಹುದು, ಡಾಕ್ಟರ್ ಅನ್ನೋದೇ ಹೋಗ್ಬಹುದು. ಅಪರ್ಣಾಗೂ ಹೇಳಿಲ್ಲ. ಆದ್ರೆ ದೇವರು ಬಲಗಡೆ ಕೊಟ್ಟನಲ್ಲ. ಯಾರಾದ್ರೂ ಹೌದು ಅನ್ನಲಿ ಅಂತ ಇಷ್ಟು ದಿನ ಕಾಯ್ತಿದ್ದೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರು ಬಾಯಿಯೇ ಬಿಟ್ಟಿರಲಿಲ್ಲ, ಪೂಜಾರಿಯಾದ ನಾಗಮಣಿಯೇ ಮುಂದೆ ಬಿದ್ದು ವರ ಕೊಟ್ಟು ಕೂತಿದ್ದಳು. ಹೆಬ್ಬೆರಳಿನಲ್ಲಿ ಗಂಧದ ವಾಸನೆ ಇನ್ನೂ ಇತ್ತು. ಅವಳು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಸುಮ್ಮನಿದ್ದರೆ ಮಗ ತನ್ನ ಬೆರಳಿನ ಮೋಸವನ್ನು ದೇವರ ಮಾತೆಂದು ನಂಬಿ ಅನ್ನ ಕಳೆದುಕೊಳ್ಳುತ್ತಾನೆ. ಹೇಳಿದರೆ ಕಾರು ತಿರುಗಿಸಿ, ಮತ್ತೆ ಆ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂರುತ್ತಾನೆ. ಎರಡೂ ಅವಳಿಗೆ ಬೇಡವಾಗಿತ್ತು.

ಹೆಗಾರ್ಟಿಯವರ ಗೇಟಿನ ಮುಂದೆ ಕಾರು ನಿಂತಾಗ ಅವಳಿಂದ ತಡೆಯಲಾಗಲಿಲ್ಲ.

"ಎಡಗಡೆ ಹೂವನ್ನ ನಾನೇ ಗಂಧ ಮೆತ್ತಿ ಅಂಟಿಸಿದ್ದೆ ಕಣೋ. ಅದು ಬೀಳೋ ಹಾಗೇ ಇರ್ಲಿಲ್ಲ. ನೀನು ಮೆಷಿನ್ ತರ್ಲಿ ಅಂತ ಮಾಡ್ದೆ."

ಲೋಹಿತ್ ಎಂಜಿನ್ ಆರಿಸಿದ. ಕೋಪ ಮಾಡಿಕೊಳ್ಳುತ್ತಾನೆ ಎಂದು ಅವಳು ಕಾದಳು, ಅವನು ಮಾಡಿಕೊಳ್ಳಲಿಲ್ಲ. ಚಿಕ್ಕವನಿದ್ದಾಗ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ ನೋಡಿದ.

"ಹಾಗಾದ್ರೆ ನೀನೇ ಹೇಳು. ಹೋಗ್ಲಾ ಬೇಡ್ವಾ?"

ಕಾರು ತಿರುಗಿಸು ಎಂಬ ಮಾತು ನಾಗಮಣಿಯ ನಾಲಿಗೆಯ ತುದಿಗೆ ಬಂದಿತ್ತು. ತೇಜುವಿನ ಶಾಲೆ, ಮನೆಯ ಸಾಲ, ಊರಲ್ಲಿ ಡಾಕ್ಟರ ತಾಯಿ ಎಂದು ಎದ್ದು ನಿಲ್ಲುವ ಜನ, ಎಲ್ಲವೂ ಕಣ್ಣ ಮುಂದೆ ಬಂದವು. ಯಾವಳೋ ಮುದುಕಿಗಾಗಿ ತನ್ನ ಮಗನನ್ನು ಯಾಕೆ ಒಪ್ಪಿಸಬೇಕು? ಆದರೂ ಅವಳು ಆ ಮಾತನ್ನು ನುಂಗಿಕೊಂಡಳು.

"ನಾನು ಹೇಳಲ್ಲ. ಒಂದ್ಸಲ ಕೈ ಹಾಕಿದ್ದೇ ಸಾಕು. ಇದು ನೀನೇ ಆರಿಸಿಕೊಳ್ಳಬೇಕಾದ್ದು."

ಅವನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಒಳಗಿನ ಕಿಟಕಿಯ ಪರದೆ ಸರಿಯಿತು, ಬ್ರೀಡಾ ಕೈ ಬೀಸಿದಳು. ಲೋಹಿತ್ ಕಾರಿನ ಬಾಗಿಲು ತೆಗೆದು ಇಳಿದ.

ಕಂಪ್ರೆಸರನ್ನು ಮುದುಕಿ ಎಂದೋ ಧೂಳು ಒರೆಸಿ, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ಚಕ್ರದ ಮೇಲೆ ಉರುಳಿಸಿ ಶೆಡ್ಡಿನ ಬಾಗಿಲ ಹತ್ತಿರ ತಂದಿರಿಸಿದ್ದಳು. ಟೀ ಕುಡಿದೇ ಹೊರಡಬೇಕು ಎಂದಳು. ಲೋಹಿತ್ ನಿಂತಲ್ಲೇ, ಇಂಗ್ಲಿಷಿನಲ್ಲಿ, ತಾಯಿಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದ. ಸುಸ್ತಾಗಿದ್ದೆ ಎಂಬ ಮಾತೊಂದನ್ನು ಬಿಟ್ಟ. ಟಿವಿಯಿಂದ, ತೇಜುವಿನಿಂದ ಕಲಿತ ಇಂಗ್ಲಿಷು ಸಾಕಾಗಿ ನಾಗಮಣಿಗೆ ಒಂದೊಂದು ಮಾತೂ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಬ್ರೀಡಾ ಕಂಪ್ರೆಸರಿನ ಮೇಲೆ ಕೈಯೂರಿ ನಿಂತಳು.

"ಆ ರಾತ್ರಿ ಡೋನಲ್ ನನ್ನನ್ನು ಕರೆಯಿರಿ ಎಂದು ಕೇಳಿದನೇ?" ಎಂದಳು.

"ಗೊತ್ತಿಲ್ಲ. ನಾನು ಅವರ ಹತ್ತಿರ ಹೋಗಲೇ ಇಲ್ಲ."

ಮುದುಕಿಯ ಮುಖ ಮುದುಡಿತು. ಬೈಯಲಿಲ್ಲ, ಅಳಲಿಲ್ಲ. ಆಮೇಲೆ ಹೇಳಿದಳು, "ಇದನ್ನು ನಿನಗೆ ಕೊಟ್ಟವನು ಡೋನಲ್. ಅವನು ಕೊಟ್ಟದ್ದನ್ನು ನಾನು ವಾಪಸ್ ತಗೊಳ್ಳಲಾರೆ. ತಗೊಂಡು ಹೋಗು. ಇನ್ನು ಇಲ್ಲಿಗೆ ಬರಬೇಡ." ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಿಟ್ಟು ಹೋಗುವ ಹಾಗಿರಲಿಲ್ಲ. ತಾಯಿ ಮಗ ಇಬ್ಬರೇ ಆ ಭಾರವನ್ನು ಎಳೆದು ಕಾರಿಗೆ ಏರಿಸಿದರು. ನಾಗಮಣಿಯ ಸೊಂಟ ಹಿಡಿಯಿತು, ಅವಳು ಅಮ್ಮಾ ಎನ್ನಲೂ ಇಲ್ಲ. ಮನೆ ಹತ್ತಿರವಾದಾಗ ಲೋಹಿತ್, "ನಾಳೆ ಆಸ್ಪತ್ರೇಲೂ ಹೇಳ್ತೀನಿ. ಮೊದಲು ಅಪರ್ಣಾಗೆ," ಎಂದ. ಯಾರನ್ನೂ ಕೇಳುವ ದನಿ ಅದಾಗಿರಲಿಲ್ಲ.

ಮನೆಯಲ್ಲಿ ಅವನು ಅಪರ್ಣಾಳನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದ. ನಾಗಮಣಿ ಅಡುಗೆಮನೆಯಲ್ಲಿ ಪಟದ ಮುಂದೆ ನಿಂತಳು. ಎಡಗಡೆಯ ಹೂ ಹಾಗೇ ಇತ್ತು. ಗಂಧ ಒಣಗಿ ಗಟ್ಟಿಯಾಗಿತ್ತು, ಎಳೆದರೆ ಎಸಳುಗಳು ಕೈಗೆ ಬಂದವು, ತೊಟ್ಟು ಬರಲಿಲ್ಲ. ಗ್ಯಾರೇಜಿನಿಂದ ಸೊಸೆ ಅಳುವ ಸದ್ದು ಕೇಳಿಸಿತು. ನಾಗಮಣಿ ಉಗುರಿನಿಂದ ಆ ತೊಟ್ಟನ್ನು ಕೆರೆಯತೊಡಗಿದಳು.