ಬದುಕಿದ್ದವನ ಅಳತೆ

ಒಂದು ಶವಪೆಟ್ಟಿಗೆಗೆ ಆರು ಹಲಗೆ, ಅರ್ಧ ಕಿಲೋ ಮೊಳೆ, ನಾಲ್ಕು ಹಿಡಿಕೆ, ಒಂದು ಡಬ್ಬಿ ಪಾಲಿಶ್, ಎರಡು ದಿನದ ಕೂಲಿ. ಮಿಕ್ಕ ಚೂರುಪಾರು ಸ್ಟೂಲಿನ ಕಾಲಿಗಾಗುತ್ತದೆ. ಬಗ್ಗಿದ ಮೊಳೆಯನ್ನೂ ಬಡಿದು ನೆಟ್ಟಗೆ ಮಾಡುವ ಜಿಪುಣ ನಾನು ಎಂಬುದು ಬೀದಿಗೆಲ್ಲ ಗೊತ್ತು.

ನನ್ನ ಹಳೆಯ ಜೊತೆಗಾರ ಉದ್ದಣ್ಣನ ಹೆಂಡತಿ ಅಂಗಡಿಗೆ ಬಂದಳು. "ಅಣ್ಣಾ, ಪೆಟ್ಟಿಗೆಗೆ ಅಳತೆ ತಗೊಳ್ಳೋಕೆ ನೀವೇ ಬರಬೇಕಂತೆ."

"ಯಾರಿಗಮ್ಮ?"

"ಅವರಿಗೇ. ಡಾಕ್ಟರು ಒಂದು ವಾರ ಅಂದಿದಾರೆ. ಪಾದ್ರಿಗಳು ಪರಮಪ್ರಸಾದ ತಂದ್ರೆ ಗೋಡೆ ಕಡೆ ತಿರುಗಿಬಿಡ್ತಾರೆ. ನನಗೆ ಅದು ಸಲ್ಲಲ್ಲ ಅಂತಾರೆ."

ಬದುಕಿದ್ದವನ ಅಳತೆ ಹಿಡಿಯುವುದು ನಮ್ಮ ಕಸುಬಿನಲ್ಲಿಲ್ಲ. ಆದರೂ ಹೋದೆ. ಒಂದೇ ಶೆಡ್ಡಿನಲ್ಲಿ ಒಂಬತ್ತು ವರ್ಷ ಮರ ಕೊಯ್ದವರು ನಾವು. ಯಂತ್ರದ ಗರಗಸಕ್ಕೆ ನನ್ನ ಎರಡು ಬೆರಳು ಹೋದ ಮೇಲೆ ಅವನು ಬೇರೆ ಕಡೆ ಕೆಲಸ ಹಿಡಿದ. ನಾನು ಎದುರಾದರೆ ಬೀದಿ ದಾಟುತ್ತಿದ್ದ.

ಟೇಪು ಬಿಚ್ಚಿ, "ಕುಗ್ಗಿದೀಯ ಕಣೋ, ಹಲಗೆ ಉಳೀತು" ಎಂದೆ.

ಅವನು ನಗಲಿಲ್ಲ. ನನ್ನ ಮೊಂಡುಗೈ ಹಿಡಿದುಕೊಂಡ.

"ಅವತ್ತು ಗರಗಸಕ್ಕೆ ಕೈ ತಾಗದ ಹಾಗೆ ಇದ್ದ ತಗಡಿನ ಮರೆ ತಾನಾಗಿ ಬಿದ್ದಿರಲಿಲ್ಲ. ದೊಡ್ಡ ದಿಮ್ಮಿಗೆ ಅಡ್ಡ ಅಂತ ನಾನೇ ಬಿಚ್ಚಿದ್ದೆ, ವಾಪಸ್ ಹಾಕೋಕೆ ಮರೆತೆ. ನೀನು ನಿಂದೇ ತಪ್ಪು ಅಂದ್ಕೊಂಡೆ. ನಾನು ಬಾಯಿ ಬಿಡಲಿಲ್ಲ."

ಕೈ ಬಿಡಿಸಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಇಪ್ಪತ್ತು ವರ್ಷದಿಂದ ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯುತ್ತಿದ್ದೇನೆ. ಹಾಗೇ ಮನೆಗೆ ಹೋಗಿಬಿಡೋಣ ಎನಿಸಿತು. ಒಳಗೆ ಅವನು ಅಳುವುದು ಕೇಳಿಸುತ್ತಿತ್ತು. ಆ ಬೆರಳುಗಳಿಗಾಗಿ ನಾನೂ ಅಷ್ಟು ಅತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎದ್ದು ಒಳಗೆ ಹೋದೆ.

"ಹೋಗಲಿ ಬಿಡೋ."

"ಅಷ್ಟು ಸುಲಭಾನಾ?"

"ಸುಲಭ ಅಂತ ಯಾರಂದ್ರು? ಮೆಟ್ಟಿಲ ಮೇಲೆ ಕೂತಿದ್ದು ಗಾಳಿಗಾ?"

"ನೀನು ಬಿಟ್ಟೆ. ದೇವರು ಬಿಡ್ತಾನಾ?"

"ಬಗ್ಗಿದ ಮೊಳೆ ಬಿಸಾಡದೋನು ನಾನು, ನನ್ನ ಕೈಲೇ ಆಯ್ತು. ಆತ ಶಿಲುಬೆ ಮೇಲೆ ತನ್ನ ಕೈಗೇ ಮೊಳೆ ಹೊಡೀತಿದ್ದೋರನ್ನ ಕ್ಷಮಿಸು ಅಂತ ತಂದೆ ಹತ್ರ ಕೇಳಿಕೊಂಡೋನು. ಆತನ ಕೈಲಿ ಆಗಲ್ವಾ? ಮುಖ ಈ ಕಡೆ ತಿರುಗಿಸು."

ಪಾದ್ರಿಯನ್ನು ಕರೆಸಿದೆವು. ಬಾಗಿಲು ಮುಚ್ಚಿಕೊಂಡು ಉದ್ದಣ್ಣ ಅವರ ಮುಂದೆ ಪಾಪನಿವೇದನೆ ಮಾಡಿದ. ಆಮೇಲೆ ನಮ್ಮೆಲ್ಲರ ಮುಂದೆ ಪ್ರಸಾದಕ್ಕೆ ಬಾಯಿ ತೆರೆದ. ಅವನ ಹೆಂಡತಿ ಸೆರಗಿನಿಂದ ಅವನ ತುಟಿ ಒರೆಸಿದಳು.

ಅಂಗಡಿಗೆ ಬೀಗ ಹಾಕಿ ಅವನ ಪಕ್ಕದಲ್ಲೇ ಇದ್ದೆ. ಹಳೆಯ ಶೆಡ್ಡಿನ ಮಾತೆಲ್ಲ ಆಡಿದೆವು. ನಾಲ್ಕನೆಯ ದಿನ ಹೋದ, ನಿದ್ದೆಯಲ್ಲಿ, ಭಯವಿಲ್ಲದೆ.

ಹೋದ ಬೆರಳು ಹೋದವು. ಗೆಳೆಯ ಸಿಕ್ಕಿದ, ನಾಲ್ಕು ದಿನದ ಮಟ್ಟಿಗೆ.