ಏಳನೆಯ ದಿನದ ವಾಕ್ಯ

ಪೆನ್ನು ಇಷ್ಟು ಹಗುರ ಯಾವಾಗ ಆಯಿತು, ಬೆರಳುಗಳು ತಾವಾಗಿಯೇ ಅದರ ಸುತ್ತ ಮಡಚಿಕೊಂಡಿವೆ, ನೋವಿಲ್ಲ, ಬೆಳಗಿನ ಆ ಬಿಗಿತವೂ ಇಲ್ಲ — ನಾಲ್ಕು ವರ್ಷದಿಂದ ಹಾಲಿನ ಡಬ್ಬಿಯ ಮುಚ್ಚಳ ತಿರುಗಿಸಲಾಗದ ಕೈ ಇದು, ಆರು ಔಷಧಿಗಳನ್ನು ಸೋಲಿಸಿದ ಕೈ, ಸಂಧಿವಾತ ಮುದುಕರ ಕಾಯಿಲೆ ಅಲ್ವೇನೇ ಎಂದು ಮಾಂಗೆರೆ ಬಡಾವಣೆಯ ಚರ್ಚಿನಲ್ಲಿ ಚಾಪೆ ಹೆಣೆಯುವ ಹೆಂಗಸರು ನಕ್ಕ ಕೈ, ಆ ಸಾಲಿನಲ್ಲಿ ಈ ಕೈಯ ಒಡತಿ ಟೆಲೆಸಿಯಾಳ ಜಾಗ ಇನ್ನೂ ಹಾಗೇ ಬಿಟ್ಟಿದ್ದಾರಂತೆ, ಬರೆಯಮ್ಮ, ಇವತ್ತಿನ ವಾಕ್ಯ, ಎನ್ನುತ್ತಾಳೆ ನರ್ಸ್ ಬ್ರಿಜಿಟ್, ಏಳು ದಿನದಿಂದಲೂ ಅದೊಂದೇ ವಾಕ್ಯ, ನನ್ನ ಅತ್ತೆ ಚಾಪೆ ಹೆಣೆಯುತ್ತಾರೆ, ಹದಿನೈದಕ್ಕೇ ಶಾಲೆ ಬಿಟ್ಟೋಳಿಗೆ ಈಗ ದಿನಾ ಕಾಪಿ ಬರೆಯೋ ಶಿಕ್ಷೆ ನೋಡು, ಪಕ್ಕದ ಕುರ್ಚಿಯ ಅತ್ತೆ ಮೊದಲ ದಿನ ನಕ್ಕಿದ್ದರು, ಡಾಕ್ಟರು ನಗಲಿಲ್ಲ, ನಿನ್ನದೇ ರಕ್ತದ ಕಣಗಳಿಗೆ ಹೊಸ ಪಾಠ ಕಲಿಸಿ ವಾಪಸ್ ಬಿಟ್ಟಿದ್ದೀವಿ, ಈ ಕಾಯಿಲೆಗೆ ಈ ಚಿಕಿತ್ಸೆ ಪಡೆದವರಲ್ಲಿ ಇಲ್ಲಿ ನೀನೇ ಮೊದಲನೆಯವಳು, ಅವು ಕೆರಳಿ ಮಿದುಳಿಗೆ ತಾಗಿದರೆ ಮೊದಲು ಕೆಡೋದು ಅಕ್ಷರ, ಅದಕ್ಕೇ ದಿನಾ ಬರೆಸೋದು, ಆಮೇಲೆ ಜೀವಕ್ಕೇ ಕುತ್ತು ಬರಬಹುದು, ಅಕ್ಷರ ಕೆಟ್ಟ ಕೂಡಲೇ ಅವನ್ನು ಅಡಗಿಸೋ ಔಷಧಿ ಕೊಡಲೇಬೇಕು, ಅದರಿಂದ ಆ ಕಣಗಳು ಸತ್ತೂ ಹೋಗಬಹುದು — ಸತ್ತರೆ ಬೆರಳು ಮತ್ತೆ ಕೊಕ್ಕೆ, ನನ್ನ ಅತ್ತೆ ಚಾ, ಗೆರೆ ಜಾರಿ ಹಾಳೆಯ ಅಂಚಿಗೆ ಹೋಯಿತು, ಮತ್ತೆ ಚಾ, ಇನ್ನೊಂದು ಚಾ, ಮುಂದಿನ ಅಕ್ಷರ ಎಲ್ಲಿ, ಪಾಪ, ಬೆರಳು ಇವತ್ತು ತುಂಬಾ ನೋಯ್ತಿದೆ ಅಲ್ವಾ ಚಿನ್ನ, ಬ್ರಿಜಿಟ್ ತಾನೇ ಉತ್ತರವನ್ನೂ ಕೊಟ್ಟುಬಿಟ್ಟಳು, ಹೂಂ ಅಂದರೆ ಸಾಕು, ಆ ಔಷಧಿ ತಪ್ಪುತ್ತದೆ, ತಲೆಯಾಡಿಸಿದರೂ ಸಾಕು, ಮಾತಿನ ಬದಲು ತಲೆಯಾಡಿಸಿಯೇ ಬೆಳೆದವಳಿಗೆ ಅದೇನು ಕಷ್ಟ, ಆದರೆ ಅತ್ತೆಗೆ ಗೊತ್ತು, ಬೆಳಿಗ್ಗೆ ಅವರ ಜಡೆಯನ್ನು ಇದೇ ಕೈ ಹೆಣೆಯಿತು, ಬಿಚ್ಚಿ ಮತ್ತೊಮ್ಮೆ ಹೆಣೆಯಿತು, ಅತ್ತೆ ಅತ್ತರು, ಈಗ ನೆಲ ನೋಡುತ್ತಿದ್ದಾರೆ, ಅವರಿಗೂ ಈ ಕೈ ಬೇಕು, ಅತ್ತೆ ಹೇಳಲಿ, ಹೇಳಬೇಡಿ ಅತ್ತೆ, ಇನ್ನು ಒಂದೇ ಒಂದು ದಿನ ಈ ಕೈ ಹೀಗೇ ಇರಲಿ — ಕೈಯಲ್ಲ, ಯಾರ ದನಿ ಅದು, ತನ್ನದೇ, ಏನಂದೆ ಚಿನ್ನ, ಕೈ ಚೆನ್ನಾಗಿದೆ, ನೋವಿಲ್ಲ, ತಲೆ, ತಲೇಲಿ ಸಿಗ್ತಿಲ್ಲ, ಅಯ್ಯೋ ನನ್ನ ಮಗಳೇ ಎಂದು ಅತ್ತೆ ಆ ಬೆರಳುಗಳನ್ನು ಬಾಚಿ ಹಿಡಿದರು, ಬ್ರಿಜಿಟ್ ಗಂಟೆ ಒತ್ತಿದಳು, ಎದೆಗೆ ಸಿಕ್ಕಿಸಿದ್ದನ್ನು ಎತ್ತಿ ತೋರಿಸಿದಳು, ಇದೇನು ಹೇಳು, ಟೆಲೆಸಿಯಾ, ಇದರ ಹೆಸರು ಹೇಳು — ದುಂಡಗಿದೆ, ಗಾಜಿದೆ, ಒಳಗೆ ಹನ್ನೆರಡು ಅಂಕಿ, ಗೊತ್ತು, ದಿನಾ ನೋಡಿದ್ದೇ, ಹೆಸರು, ಕೆಂಪು ಮುಳ್ಳು ತಿರುಗುತ್ತಿದೆ, ಹೊರಗೆ ಓಡಿ ಬರುವ ಹೆಜ್ಜೆಗಳು, ಹೆಸರು, ಮುಳ್ಳು, ಕೆಂಪು ಮುಳ್ಳು, ಮುಳ್ಳು