ಪ್ರತಿ ದಿನಕ್ಕೂ ಬೇರೆ ಅಳತೆ

ಮಾರ್ಚ್ ೧೪, ಗುರುವಾರ, ಮಧ್ಯಾಹ್ನ ೩ ಗಂಟೆ ೨೦ ನಿಮಿಷ. ಗಾಳಿ ಪರೀಕ್ಷಾ ಕಚೇರಿಯ ಎರಡನೇ ಮಹಡಿಯಲ್ಲಿ ವಿಶ್ಲೇಷಕಿ ಗ್ರಾಫ್‌ಗಳನ್ನು ಸಾಲಾಗಿ ಜೋಡಿಸಿ ತಾನು ಮಾಡಿದ ಸಿನಿಮಾವನ್ನು ಮತ್ತೊಮ್ಮೆ ಓಡಿಸಿದಳು. ಈ ಸಲವೂ ಅದು ಕುಡಿದವನ ಹಾಗೆ ನಡೆಯಿತು. ಮೊದಲ ದಿನದ ಗ್ರಾಫ್ ಆದಮೇಲೆ ಹತ್ತನೇ ದಿನ, ಅಲ್ಲಿಂದ ಸೀದಾ ನೂರನೇ ದಿನ. ಎರಡನೇ ದಿನದ ಪತ್ತೆಯೇ ಇಲ್ಲ. ಕಡತಗಳಿಗೆ ಹೆಸರಿಡುವಾಗ ಒಂದರ ಎಡಗಡೆ ಎರಡು ಸೊನ್ನೆ ಹಾಕಿ ೦೦೧ ಎಂದು ಬರೆಯುವುದನ್ನು ಅವಳು ಮರೆತಿದ್ದಳು. ಕಂಪ್ಯೂಟರು ಅಂಕಿಗಳನ್ನು ಅಕ್ಷರಗಳಂತೆ ಓದಿ ಸಾಲಾಗಿ ನಿಲ್ಲಿಸಿತ್ತು.

"ದರಿದ್ರದ್ದು," ಎಂದು ಗೊಣಗಿ ಅವಳು ಹೆಸರುಗಳನ್ನು ಬದಲಾಯಿಸಲು ಕೂತಳು.

ಜಲ್ಲಿ ಕ್ರಷರಿನ ಪಕ್ಕದ ಶಾಲೆಯ ಗೇಟಿನಲ್ಲಿ ಸೆಪ್ಟೆಂಬರಿನಿಂದ ದೂಳು ಅಳೆಯುವ ಯಂತ್ರ ಇಟ್ಟಿದ್ದರು. ದಿನಕ್ಕೊಂದು ಗ್ರಾಫ್: ಕೆಳಗೆ ಗಂಟೆಗಳು, ಮೇಲಕ್ಕೆ ದೂಳಿನ ಪ್ರಮಾಣ. "ಇಷ್ಟೊಂದು ಗ್ರಾಫ್ ಯಾರು ನೋಡ್ತಾರಮ್ಮ? ಒಂದರ ಹಿಂದೆ ಒಂದು ಓಡೋ ಹಾಗೆ ಮಾಡು," ಎಂದಿದ್ದರು ಮುಖ್ಯಸ್ಥರು. ಮಾರನೇ ದಿನ ಬೆಳಿಗ್ಗೆ ಶಾಲೆಯಲ್ಲಿ ಸಭೆ. ಪಾಠದ ಹೊತ್ತಿನಲ್ಲಿ ಕ್ರಷರ್ ನಿಲ್ಲಿಸಬೇಕೋ ಬೇಡವೋ ಎಂಬುದು ಅಲ್ಲೇ ತೀರ್ಮಾನವಾಗಬೇಕಿತ್ತು.

ಅಂತೂ ಸಿನಿಮಾ ನೆಟ್ಟಗೆ ಓಡಿತು. ಅವಳು ಅದನ್ನು ಅಕ್ಕನಿಗೆ ಕಳಿಸಿದಳು. ಅಕ್ಕ ಅದೇ ಶಾಲೆಯಲ್ಲಿ ಟೀಚರು. ಕೂಡಲೇ ಫೋನ್ ಬಂತು.

"ಚೆನ್ನಾಗಿದೆ ಕಣೇ, ಹಾವು ಕುಣಿದ ಹಾಗಿದೆ. ಆದ್ರೆ ಏನೂ ಆಗ್ತಾನೇ ಇಲ್ವಲ್ಲ?"

"ಏನೂ ಆಗ್ತಿಲ್ಲ ಅಂದ್ರೆ?"

"ಮೊದಲನೇ ದಿನಾನೂ ಗೆರೆ ಮೇಲಿನ ಅಂಚು ಮುಟ್ಟುತ್ತೆ, ಕೊನೇ ದಿನಾನೂ ಅಲ್ಲಿಗೇ ಮುಟ್ಟುತ್ತೆ. ಡಿಸೆಂಬರಲ್ಲಿ ಕ್ರಷರಿನೋರು ಜಲ್ಲಿ ಒಡೆಯೋ ಎರಡನೇ ಯಂತ್ರ ಹಾಕಿದ್ಮೇಲೆ ನಾವು ಕ್ಲಾಸಿನ ಕಿಟಕಿ ತೆಗೆದಿಲ್ಲ. ಅದೆಲ್ಲಿದೆ ನಿನ್ನ ಸಿನಿಮಾದಲ್ಲಿ?"

"ಎಲ್ಲದರಲ್ಲೂ ತಪ್ಪು ಹುಡುಕೋದು ಬಿಟ್ರೆ ನಿಮ್ಮಂಥ ಟೀಚರುಗಳಿಗೆ ಬೇರೆ ಕೆಲಸ ಇಲ್ಲ!"

"ಅದಕ್ಕೇ ಸಂಬಳ ಕೊಡ್ತಾರೆ," ಎಂದು ಅಕ್ಕ ನಕ್ಕಳು. ತಂಗಿ ಫೋನ್ ಇಟ್ಟಳು.

ಆದರೆ ಮಾತು ಕೊರೆಯತೊಡಗಿತು. ಮೊದಲ ಚಿತ್ರವನ್ನು ನಿಲ್ಲಿಸಿ ನೋಡಿದಳು. ಎಡಗಡೆಯ ಅಕ್ಷ ಎಪ್ಪತ್ತಕ್ಕೆ ಮುಗಿದಿತ್ತು. ಜನವರಿಯ ಒಂದು ಚಿತ್ರ ನಿಲ್ಲಿಸಿದಳು: ಮುನ್ನೂರು. ಆಯಾ ದಿನದ ಅತಿ ಹೆಚ್ಚಿನ ಅಂಕಿಯನ್ನು ತಂತ್ರಾಂಶ ತಾನಾಗಿಯೇ ಚೌಕಟ್ಟಿನ ತುದಿಗೆ ಹೊಂದಿಸಿಬಿಟ್ಟಿತ್ತು. ಒಂದೊಂದೇ ಗ್ರಾಫ್ ನೋಡುವಾಗ ಅದು ಅನುಕೂಲ. ಸಾಲಾಗಿ ಓಡಿಸಿದರೆ ಗುಡ್ಡವೂ ಒಂದೇ, ದಿಣ್ಣೆಯೂ ಒಂದೇ. ಅವಳಿಗೆ ತನ್ನ ಮೇಲೆಯೇ ರೇಗಿತು. ಎಲ್ಲ ದಿನಗಳಿಗೂ ಒಂದೇ ಅಳತೆ ಕೊಟ್ಟು ಮತ್ತೆ ಮೊದಲಿನಿಂದ ಎಲ್ಲವನ್ನೂ ತಯಾರಿಸಿದಳು.

ಮುಖ್ಯಸ್ಥರು ಹೊಸದನ್ನು ನೋಡಿ ಕನ್ನಡಕ ತೆಗೆದರು.

"ಮೊದಲನೇದೇ ಚೆನ್ನಾಗಿತ್ತಲ್ಲಮ್ಮ. ಇದರಲ್ಲಿ ಅರ್ಧ ಹೊತ್ತು ಗೆರೆ ನೆಲಕ್ಕಂಟಿಕೊಂಡು ಬಿದ್ದಿರುತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಮೈಮೇಲೆ ಬರುತ್ತೆ. ಜನ ಹೆದರ್ತಾರೆ."

"ಆಗಿದ್ದೂ ಹಾಗೇ ಅಲ್ವಾ ಸರ್?"

"ಹಾಗಿದ್ರೆ ದಿನದ ಸರಾಸರಿ ಹಾಕು. ಇಷ್ಟು ಏರುಪೇರು ಇರಲ್ಲ."

"ರಾತ್ರಿ ಕ್ರಷರ್ ಓಡಲ್ಲ, ಅದಕ್ಕೇ ಸರಾಸರಿ ಇಳಿಯುತ್ತೆ. ರಾತ್ರಿ ಶಾಲೇಲಿ ಮಕ್ಕಳೂ ಇರಲ್ಲ ಸರ್."

ಅವರ ದನಿ ಏರಿತು. "ನೋಡು, ಆ ಕ್ರಷರ್ ನಂಬ್ಕೊಂಡು ಎಷ್ಟೋ ಮನೆ ಒಲೆ ಉರೀತಿದೆ. ಗಾಬರಿಬಿದ್ದ ಜನ ಪ್ರಶ್ನೆ ಕೇಳಲ್ಲ, ಕಲ್ಲು ಎತ್ಕೋತಾರೆ. ಅದನ್ನೂ ನಾನು ನೋಡಿದೀನಿ. ಅಲ್ಲದೆ ಮೊದಲನೇದ್ರಲ್ಲಿ ಸುಳ್ಳೇನಿದೆ? ಅಂಕಿ ಪಕ್ಕದಲ್ಲೇ ಇದೆ. ನಾವು ಏನೂ ಬಚ್ಚಿಟ್ಟಿಲ್ಲ."

ಅವರು ಕೆಟ್ಟವರಲ್ಲ ಎಂಬುದು ಅವಳಿಗೆ ಗೊತ್ತಿತ್ತು; ಅದರಿಂದಲೇ ಇನ್ನಷ್ಟು ಕಿರಿಕಿರಿಯಾಯಿತು. ಮಾತು ಬೆಳೆಸದೆ ಮೊದಲನೆಯದನ್ನೇ ತೆರೆದಳು.

"ಓಡಿಸ್ತೀನಿ ಸರ್. ಪಕ್ಕದ ಅಂಕಿ ಓದಿ ಹೇಳಿ."

ಸೆಕೆಂಡಿಗೆ ಹತ್ತು ಚಿತ್ರ. ಮುಖ್ಯಸ್ಥರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಎಪ್ಪತ್ತು... ತೊಂಬ... ಏ, ನಿಧಾನ ಮಾಡು." ಇಪ್ಪತ್ತು ಸೆಕೆಂಡಿನೊಳಗೆ ಸಿನಿಮಾ ಮುಗಿದೇಹೋಯಿತು. ಅವರೇ ಮೌಸ್ ಹಿಡಿದು ಮತ್ತೆ ಓಡಿಸಿದರು, ಮತ್ತೆ ಸೋತರು.

"ಎರಡನ್ನೂ ಪೆನ್‌ಡ್ರೈವ್‌ಗೆ ಹಾಕು. ನಾಳೆ ನೋಡೋಣ," ಎಂದರು ಮುಖ ಗಂಟಿಕ್ಕಿಕೊಂಡು.

ಹೌದೂ ಅಲ್ಲ, ಅಲ್ಲವೂ ಅಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅವರೊಂದಿಗೆ ಮನಸ್ಸಿನಲ್ಲೇ ಜಗಳವಾಡಿದಳು.

ಬೆಳಿಗ್ಗೆ ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕ್ರಷರಿನ ಮಾಲೀಕ, ಹಿಂದೆ ಅಪ್ಪ ಅಮ್ಮಂದಿರು. ಅವರಲ್ಲಿ ಅನೇಕರು ಕ್ರಷರಿನ ಕೆಲಸಗಾರರೇ. ಮುಖ್ಯಸ್ಥರು ಪೆನ್‌ಡ್ರೈವನ್ನು ಯಾರ ಕೈಗೂ ಕೊಡದೆ ತಾವೇ ಸಿಕ್ಕಿಸಿದರು. ಪರದೆಯ ಮೇಲಿನ ಎರಡು ಹೆಸರುಗಳ ನಡುವೆ ಮೌಸಿನ ಬಾಣ ಒಂದು ಗಳಿಗೆ ತೂಗಾಡಿತು. ವಿಶ್ಲೇಷಕಿ ಗೋಡೆಗೆ ಒರಗಿ ತುಟಿ ಕಚ್ಚಿಕೊಂಡಳು. ಅವರು ಎರಡನೆಯದನ್ನು ಒತ್ತಿದರು.

ಗೆರೆ ಕೆಳಗೆ ತೆವಳುತ್ತಿತ್ತು. "ಇದೇನು, ಖಾಲಿ ಪರದೆ ತೋರಿಸೋಕೆ ಕರೆದ್ರಾ?" ಎಂದ ಒಬ್ಬ, ನಗು ಎದ್ದಿತು. ಡಿಸೆಂಬರ್ ಬಂದಾಗ ಗೆರೆ ಎದ್ದು ನಿಂತಿತು, ಮತ್ತೆ ಇಳಿಯಲಿಲ್ಲ. ನಗು ನಿಂತಿತು.

"ಗಾಳಿ ಒಂದು ದಿನ ಹೀಗೆ, ಒಂದು ದಿನ ಹಾಗೆ," ಎಂದರು ಮಾಲೀಕರು. "ನಮ್ಮ ಜನಕ್ಕೆ ಕೆಲಸ ತಪ್ಪಿದ್ರೆ ನಿಮ್ಮ ಗೆರೆ ಬಂದು ಊಟ ಹಾಕುತ್ತಾ?"

ಹಿಂದಿನ ಸಾಲಿನಿಂದ ಕ್ರಷರಿನ ಲಾರಿ ಚಾಲಕನೊಬ್ಬ ಎದ್ದ.

"ಧಣಿ ಹೇಳೋದೂ ಸರೀನೇ, ಸರ್. ಗೆರೆಗಿರೆ ನಂಗೆ ಅರ್ಥ ಆಗಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮಗಳನ್ನ ಈ ಗೇಟಲ್ಲಿ ಬಿಟ್ಟು ಕೆಲಸಕ್ಕೆ ಹೋಗ್ತೀನಿ. ಅವಳನ್ನ ಎಂಥಾ ಗಾಳೀಲಿ ಬಿಟ್ಟು ಹೋಗ್ತಿದೀನಿ? ಅದೊಂದು ಹೇಳಿ."

ಮುಖ್ಯಸ್ಥರು ವಿಶ್ಲೇಷಕಿಯತ್ತ ನೋಡಿದರು. ಅವರು ಸಿನಿಮಾವನ್ನು ಕೊನೆಯ ದಿನದ ಮೇಲೆ ನಿಲ್ಲಿಸಿ, ಪರದೆಯ ಹತ್ತಿರ ಹೋಗಿ, ಒಂಬತ್ತು ಗಂಟೆಯ ಗುರುತಿನ ಮೇಲೆ ಬೆರಳಿಟ್ಟು ಗೆರೆ ಮುಟ್ಟುವವರೆಗೆ ಮೇಲಕ್ಕೆ ಸರಿಸುತ್ತಾ ಹೋದರು. ಬೆರಳು ನಿಂತ ಜಾಗದಿಂದ ಅಡ್ಡಕ್ಕೆ ಅಕ್ಷದವರೆಗೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಓದಿದರು:

"ಒಂದು ಘನ ಮೀಟರ್ ಗಾಳಿಯಲ್ಲಿ ನಾನೂರ ಮೂವತ್ತೆಂಟು ಮೈಕ್ರೋಗ್ರಾಂ ದೂಳು."